‘ಸಾರಿ’ ಎಂಬ ಪದವೂ ಕ್ಷಮೆಯ ಋಣವೂ

ಶಬ್ದ ಚಿಕ್ಕದಾದಷ್ಟೂ ಅದು ಹೊರುವ ಭಾರ ಹೆಚ್ಚು. ಇಂಗ್ಲಿಷಿನಿಂದ ಬಂದು ಕನ್ನಡದಲ್ಲಿ ಮನೆಮಾತಾಗಿರುವ ‘ಸಾರಿ’ ಎಂಬ ಪದ ಇದಕ್ಕೆ ಒಳ್ಳೆಯ ನಿದರ್ಶನ. ಬಸ್ಸಿನಲ್ಲಿ ಪಕ್ಕದವನ ಕಾಲು ತುಳಿದವನೂ, ಸಾಲ ಕೇಳಿ ಬಂದವನಿಗೆ ಇಲ್ಲವೆನ್ನುವವನೂ, ಸಾವಿನ ಮನೆಗೆ ಹೋಗಿ ಮಾತು ತೋಚದೆ ನಿಂತವನೂ, ಎದುರಿನವನ ಮಾತು ಕೇಳಿಸದೆ ಮತ್ತೊಮ್ಮೆ ಹೇಳಿರೆಂದು ಬೇಡುವವನೂ, ನಂಬಿದವರಿಗೆ ದ್ರೋಹ ಬಗೆದವನೂ ಇದೊಂದೇ ಪದವನ್ನು ಉಚ್ಚರಿಸುತ್ತಾರೆ. ಕಾಲು ತುಳಿದ ತಪ್ಪಿಗೂ ನಂಬಿಕೆ ಮುರಿದ ತಪ್ಪಿಗೂ ಒಂದೇ ನಾಣ್ಯ ಚಲಾವಣೆಯಾಗುವುದಾದರೆ ಆ ನಾಣ್ಯದ ಬೆಲೆಯೇನು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಮೇಲುನೋಟಕ್ಕೆ ಇದು ನಿಘಂಟಿನ ಪ್ರಶ್ನೆ. ವಸ್ತುತಃ ನೀತಿಯ ಪ್ರಶ್ನೆ.

ಕನ್ನಡದಲ್ಲಿ ಈ ಪದಕ್ಕೆ ಒಂದು ವಿಚಿತ್ರವಾದ ನೆರೆಹೊರೆಯೂ ದೊರೆತಿದೆ. ‘ಒಂದು ಸಾರಿ, ಎರಡು ಸಾರಿ’ ಎನ್ನುವಲ್ಲಿ ಸಾರಿ ಎಂಬುದು ಎಣಿಕೆಯ ಮಾತು. ‘ಸಾರಿ ಹೇಳು’ ಎನ್ನುವಲ್ಲಿ ಎಲ್ಲರಿಗೂ ಕೇಳುವಂತೆ ಘೋಷಿಸುವ ಕ್ರಿಯೆ. ಹೊರಗಿನಿಂದ ಬಂದ ಪದ ಇವೆರಡರ ಮಗ್ಗುಲಲ್ಲಿ ಬಂದು ಕುಳಿತದ್ದು ಕೇವಲ ಆಕಸ್ಮಿಕ. ಆದರೂ ಅದರ ಇಂದಿನ ಅವಸ್ಥೆಯನ್ನು ಈ ನೆರೆಹೊರೆ ಚೆನ್ನಾಗಿ ಸೂಚಿಸುತ್ತದೆ. ಆ ಮಾತನ್ನು ಹಲವು ಸಾರಿ ಹೇಳಲಾಗುತ್ತದೆ, ಸಭೆಗಳಲ್ಲಿ ಸಾರಿಯೂ ಹೇಳಲಾಗುತ್ತದೆ. ಹೇಳಿದ್ದೇನು ಎಂಬುದು ಮಾತ್ರ ಅನೇಕ ವೇಳೆ ಅಸ್ಪಷ್ಟವಾಗಿಯೇ ಉಳಿಯುತ್ತದೆ.

ಶೋಕವನ್ನು ಸೂಚಿಸುವ ‘ಸಾರೋ’ ಎಂಬ ಇಂಗ್ಲಿಷ್ ಪದದಿಂದ ಇದು ಹುಟ್ಟಿತೆಂದು ಅನೇಕರು ಭಾವಿಸುವುದುಂಟು. ನಿರುಕ್ತಿಕಾರರ ನಿರ್ಣಯ ಬೇರೆ. ಪ್ರಾಚೀನ ಇಂಗ್ಲಿಷಿನಲ್ಲಿ ‘ಸಾರ್’ ಎಂದರೆ ಗಾಯ, ನೋವು. ಅದರಿಂದ ಬಂದ ‘ಸಾರಿಗ್’ ಎಂದರೆ ನೋವುಳ್ಳವನು. ಇಂದಿಗೂ ಹುಣ್ಣಿಗೆ, ಮೈನೋವಿಗೆ ಬಳಕೆಯಾಗುವ ‘ಸೋರ್’ ಎಂಬ ಪದ ಇದೇ ಬೇರಿನದು. ‘ಸಾರೋ’ ಬೇರೊಂದು ಮೂಲದಿಂದ ಬಂದು, ಧ್ವನಿಸಾಮ್ಯದ ಬಲದಿಂದ ಇದನ್ನು ತನ್ನ ಕಡೆಗೆ ಸೆಳೆದುಕೊಂಡಿತು. ಹಾಗಾದರೆ ಮೂಲಾರ್ಥದಲ್ಲಿ ಈ ಪದವನ್ನು ಆಡುವವನು ಬೇಡುವವನಲ್ಲ. ತನ್ನೊಳಗೆ ಗಾಯವಿದೆಯೆಂದು ತಿಳಿಸುವವನು. ಇದೇ ಬೇರಿನ ಜರ್ಮನ್ ಪದವೊಂದು ಕಾಲಾಂತರದಲ್ಲಿ ನೋವನ್ನೆಲ್ಲ ಕಳೆದುಕೊಂಡು ‘ಬಹಳ’ ಎಂಬ ಅರ್ಥದ ಒತ್ತುಪದವಾಗಿ ಉಳಿದಿದೆ. ಪದಗಳು ಬಳಸಿ ಬಳಸಿ ಸವೆಯುತ್ತವೆ. ಗಾಯವನ್ನು ಹೇಳುವ ಪದಗಳೂ ಇದಕ್ಕೆ ಹೊರತಲ್ಲ.

ಇದರ ಪರ್ಯಾಯಗಳೆಂದು ನಿಘಂಟುಗಳು ಕೊಡುವ ಪದಗಳನ್ನು ಒಂದೊಂದಾಗಿ ಬಿಡಿಸಿದರೆ ಅವು ಪರ್ಯಾಯಗಳೇ ಅಲ್ಲವೆಂಬುದು ಗೋಚರಿಸುತ್ತದೆ. ‘ಅಪಾಲಜಿ’ ಎಂಬುದರ ಗ್ರೀಕ್ ಮೂಲಕ್ಕೆ ಆರೋಪಕ್ಕೆ ಪ್ರತಿಯಾಗಿ ಮಾಡುವ ಸಮರ್ಥನೆಯ ಭಾಷಣವೆಂದು ಅರ್ಥ. ಕ್ರಿಸ್ತಪೂರ್ವ 399ರಲ್ಲಿ ಅಥೆನ್ಸಿನ ನ್ಯಾಯಸಭೆಯ ಮುಂದೆ ನಿಂತ ಸಾಕ್ರಟೀಸನ ಮಾತುಗಳನ್ನು ಪ್ಲೇಟೋ ಇದೇ ಹೆಸರಿನ ಕೃತಿಯಲ್ಲಿ ನಿರೂಪಿಸಿದ್ದಾನೆ. ಅದರಲ್ಲಿ ಸಾಕ್ರಟೀಸ್ ಕ್ಷಮೆ ಬೇಡುವುದಿಲ್ಲ, ತನ್ನ ನಡೆಯನ್ನು ಸಮರ್ಥಿಸಿಕೊಳ್ಳುತ್ತಾನೆ. ‘ಎಕ್ಸ್‌ಕ್ಯೂಸ್’ ಎಂಬುದು ವ್ಯಾಜ್ಯದಿಂದ ಹೊರಗಿಡುವುದನ್ನು ಹೇಳುತ್ತದೆ. ‘ರಿಗ್ರೆಟ್’ ಎಂಬುದು ಫ್ರೆಂಚ್ ಮೂಲದಲ್ಲಿ ಸತ್ತವರಿಗಾಗಿ ಗೋಳಿಡುವುದು. ಅಲ್ಲಿ ದುಃಖವಿದೆ, ಹೊಣೆಯಿಲ್ಲ. ‘ರಿಮೋರ್ಸ್’ ಎಂದರೆ ಮತ್ತೆ ಮತ್ತೆ ಕಚ್ಚುವುದು. 1340ರಲ್ಲಿ ಕೆಂಟ್ ಪ್ರಾಂತದ ಸಂನ್ಯಾಸಿಯೊಬ್ಬ ಫ್ರೆಂಚಿನಿಂದ ಅನುವಾದಿಸಿದ ನೀತಿಗ್ರಂಥದ ಹೆಸರೇ ‘ಒಳಮನಸ್ಸಿನ ಮರುಕಚ್ಚು’ ಎಂಬರ್ಥದ್ದು. ‘ಪಾರ್ಡನ್’ ಎಂಬುದರೊಳಗೆ ಸಂಸ್ಕೃತದ ‘ದಾನ’ ಶಬ್ದದ ಬಂಧುವೇ ಅಡಗಿದೆ. ಪೂರ್ಣವಾಗಿ ಕೊಟ್ಟುಬಿಡುವುದೆಂದು ಅದರರ್ಥ. ‘ಫರ್ಗಿವ್’ ಎಂಬುದರಲ್ಲಿಯೂ ಕೊಡುವ ಕ್ರಿಯೆಯೇ ಇದೆ. ಹೀಗೆ ಒಂದು ಪದದ ಸುತ್ತ ಸಮರ್ಥನೆ, ಬಿಡುಗಡೆ, ಗೋಳು, ಕಚ್ಚು, ದಾನ ಎಂಬ ಐದು ಬೇರೆ ಬೇರೆ ಕ್ರಿಯೆಗಳು ನೆರೆದಿವೆ. ‘ಸಾರಿ’ ಎಂದವನು ಇವುಗಳಲ್ಲಿ ಯಾವುದನ್ನು ಮಾಡಿದನೆಂದು ಕೇಳುವ ಹಕ್ಕು ನೊಂದವನಿಗೆ ಉಂಟು.

ಕನ್ನಡದ ಪದಸಂಪತ್ತು ಈ ವಿಷಯದಲ್ಲಿ ಬಡವಲ್ಲ. ‘ಕ್ಷಮೆ’ಗೆ ಸಹಿಸುವುದೆಂದು ಧಾತ್ವರ್ಥ, ಎಲ್ಲವನ್ನೂ ಹೊರುವ ಭೂಮಿಗೂ ಕ್ಷಮೆಯೆಂಬ ಹೆಸರುಂಟು. ಆದುದರಿಂದ ‘ಕ್ಷಮಿಸಿ’ ಎಂದವನು ಎದುರಿನವನ ಮೇಲೆ ಒಂದು ಭಾರವನ್ನು ಇಡುತ್ತಾನೆ. ‘ನೀವು ಭೂಮಿಯಾಗಿ’ ಎಂದು ಬೇಡುತ್ತಾನೆ. ‘ಮನ್ನಿಸು’ ಎಂಬುದಕ್ಕೆ ಗೌರವಿಸುವುದೆಂಬ ಅರ್ಥವೂ ಇದೆ. ತಪ್ಪು ಮಾಡಿದವನನ್ನು ಮತ್ತೆ ಮಾನ್ಯನನ್ನಾಗಿ ಕಾಣುವುದೇ ಅಲ್ಲಿನ ಭಾವ. ಅನುತಾಪವೆಂದರೆ ಜೊತೆಗೆ ಬೇಯುವುದು, ಅನುಕಂಪವೆಂದರೆ ಜೊತೆಗೆ ನಡುಗುವುದು, ಪಶ್ಚಾತ್ತಾಪವೆಂದರೆ ಆಮೇಲೆ ಸುಡುವುದು. ಇನ್ನು ‘ತಪ್ಪಾಯಿತು’ ಮತ್ತು ‘ತಪ್ಪು ಮಾಡಿದೆ’ ಎಂಬ ಎರಡು ಮಾತುಗಳ ಅಂತರವನ್ನು ಗಮನಿಸಬೇಕು. ಮೊದಲನೆಯದರಲ್ಲಿ ತಪ್ಪು ಮಳೆಯಂತೆ ತಾನಾಗಿ ಆಗಿದೆ. ಎರಡನೆಯದರಲ್ಲಿ ಅದಕ್ಕೊಬ್ಬ ಕರ್ತೃವಿದ್ದಾನೆ. ವ್ಯಾಕರಣದ ಈ ಸಣ್ಣ ಭೇದದಲ್ಲಿ ನೀತಿಶಾಸ್ತ್ರದ ದೊಡ್ಡ ಭೇದವಿದೆ. ಸಂಸ್ಥೆಗಳ ಪ್ರಕಟಣೆಗಳಲ್ಲಿ ಕಾಣಬರುವ ‘ಅನನುಕೂಲಕ್ಕಾಗಿ ವಿಷಾದಿಸುತ್ತೇವೆ’ ಎಂಬ ಸಿದ್ಧವಾಕ್ಯದಲ್ಲಿ ಅನನುಕೂಲವಿದೆ, ವಿಷಾದವಿದೆ. ಅದನ್ನು ಉಂಟುಮಾಡಿದವನು ಮಾತ್ರ ಇಲ್ಲ.

ಪದದ ಆಯ್ಕೆ ಎಷ್ಟು ದೊಡ್ಡ ವಿಷಯವೆಂಬುದಕ್ಕೆ ರಾಷ್ಟ್ರಗಳ ಇತಿಹಾಸವೇ ಸಾಕ್ಷಿ. ಆಸ್ಟ್ರೇಲಿಯಾದಲ್ಲಿ ಸುಮಾರು 1910ರಿಂದ 1970ರವರೆಗೆ ಮೂಲನಿವಾಸಿಗಳ ಮಕ್ಕಳನ್ನು ತಾಯ್ತಂದೆಯರಿಂದ ಬೇರ್ಪಡಿಸಿ ಆಶ್ರಮಗಳಿಗೂ ಬಿಳಿಯರ ಮನೆಗಳಿಗೂ ಒಯ್ಯುವ ಪದ್ಧತಿ ನಡೆದಿತ್ತು. 1997ರಲ್ಲಿ ಅಲ್ಲಿಯ ಸಂಸತ್ತಿನ ಮುಂದೆ ಬಂದ ವರದಿ, ಆ ಜನರಲ್ಲಿ ಮೂರರಿಂದ ಹತ್ತು ಮಕ್ಕಳಿಗೆ ಒಂದರಂತೆ ಹೀಗೆ ಒಯ್ಯಲಾಯಿತೆಂದು ಅಂದಾಜು ಮಾಡಿತು. 1998ರ ಮೇ 26ರಂದು ಜನರು ‘ಸಾರಿ ದಿನ’ವನ್ನು ಆಚರಿಸಿದರು, ಊರೂರುಗಳಲ್ಲಿ ಪುಸ್ತಕಗಳನ್ನಿಟ್ಟು ಅವುಗಳಲ್ಲಿ ತಮ್ಮ ಹೆಸರು ಬರೆದರು. ಆದರೆ 1999ರಲ್ಲಿ ಪ್ರಧಾನಿ ಜಾನ್ ಹೋವರ್ಡ್ ಸಂಸತ್ತಿನಲ್ಲಿ ಮಂಡಿಸಿದ ಗೊತ್ತುವಳಿ ‘ರಿಗ್ರೆಟ್’ ಎಂಬ ಪದದಾಚೆ ಹೋಗಲಿಲ್ಲ. ಹಿಂದಿನವರ ಕೃತ್ಯಕ್ಕೆ ಇಂದಿನವರು ಹೊಣೆಯಲ್ಲವೆಂಬುದು ಅವರ ವಾದ. 2000ದಲ್ಲಿ ಸಿಡ್ನಿಯ ಸೇತುವೆಯ ಮೇಲೆ ಲಕ್ಷಾಂತರ ಜನ ನಡೆದ ದಿನ, ಸಂಸತ್ತು ಆಡದ ಆ ಪದವನ್ನು ವಿಮಾನವೊಂದು ಹೊಗೆಯಿಂದ ಆಕಾಶದಲ್ಲಿ ಬರೆಯಿತು. ಕಡೆಗೆ 2008ರ ಫೆಬ್ರುವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಅದನ್ನು ಉಚ್ಚರಿಸಿದಾಗ, ವೃದ್ಧರಾಗಿದ್ದ ಆ ಮಕ್ಕಳು ಸಭಾಂಗಣದಲ್ಲಿ ಕುಳಿತು ಕೇಳಿದರು. ಆ ಮೂಲನಿವಾಸಿಗಳ ಇಂಗ್ಲಿಷಿನಲ್ಲಿ ಸಾವಿನ ನಂತರದ ಶೋಕಾಚರಣೆಗೆ ‘ಸಾರಿ ಬಿಸಿನೆಸ್’ ಎಂದೇ ಹೆಸರು. ಪದದ ಹಳೆಯ ನೋವು ಅವರ ಬಾಯಲ್ಲಿ ಸವೆಯದೆ ಉಳಿದಿತ್ತು. ಆದುದರಿಂದಲೇ ಅದಕ್ಕೆ ಬದಲಾಗಿ ಕೊಟ್ಟ ಬೇರೆ ಪದ ಅವರಿಗೆ ಸಾಲದಾಯಿತು.

ಭಾರತೀಯರಿಗೆ ಇನ್ನೂ ಹತ್ತಿರದ ನಿದರ್ಶನಗಳಿವೆ. 1919ರ ಏಪ್ರಿಲ್ 13ರ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ ನೂರು ವರ್ಷ ತುಂಬುವ ಮುನ್ನ, 2019ರ ಏಪ್ರಿಲ್ 10ರಂದು, ಬ್ರಿಟನ್ನಿನ ಪ್ರಧಾನಿ ಥೆರೇಸಾ ಮೇ ಸಂಸತ್ತಿನಲ್ಲಿ ಆಳವಾದ ವಿಷಾದ ಸೂಚಿಸಿದರು, ಕ್ಷಮೆ ಕೇಳಲಿಲ್ಲ. ಕೆನಡಾದಲ್ಲಿ ನಡೆದುದು ಬೇರೆ. 1914ರಲ್ಲಿ 376 ಪ್ರಯಾಣಿಕರನ್ನು ಹೊತ್ತು ವ್ಯಾಂಕೂವರಿಗೆ ಬಂದ ಕೋಮಗಾಟ ಮಾರು ಹಡಗಿನ ಬಹುಪಾಲು ಜನರನ್ನು ಇಳಿಯಗೊಡದೆ ಹಿಂದಟ್ಟಲಾಗಿತ್ತು. 2008ರಲ್ಲಿ ಅಲ್ಲಿಯ ಪ್ರಧಾನಿ ಉದ್ಯಾನವೊಂದರ ಸಭೆಯಲ್ಲಿ ಕ್ಷಮೆ ಕೇಳಿದರು. ಅಲ್ಲಿಯ ಸಿಖ್ ಸಮುದಾಯದ ಅನೇಕರು ಅದನ್ನು ಒಪ್ಪಲಿಲ್ಲ. ಸಂಸತ್ತಿನಲ್ಲಿಯೇ ಆ ಮಾತು ಬರಬೇಕೆಂಬುದು ಅವರ ಆಗ್ರಹ. 2016ರ ಮೇ 18ರಂದು ಜಸ್ಟಿನ್ ಟ್ರುಡೋ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಪದ ಅದೇ, ಸ್ಥಳ ಬದಲಾಯಿತು. ಹತ್ತು ಜನರ ಎದುರು ಅವಮಾನ ಮಾಡಿ ಏಕಾಂತದಲ್ಲಿ ಕ್ಷಮೆ ಕೇಳಿದರೆ ಸಾಲದೆಂಬ ಲೋಕಾನುಭವವೇ ಇಲ್ಲಿಯೂ ಕೆಲಸ ಮಾಡಿದೆ.

ಪದದ ಅಸ್ಪಷ್ಟತೆಯಿಂದಲೇ ಹಿತವಾದ ಪ್ರಸಂಗವೂ ಒಂದುಂಟು. 2001ರ ಏಪ್ರಿಲ್ 1ರಂದು ಚೀನಾದ ಹೈನಾನ್ ದ್ವೀಪದ ಬಳಿ ಅಮೆರಿಕದ ಗೂಢಚಾರ ವಿಮಾನವೂ ಚೀನೀ ಯುದ್ಧವಿಮಾನವೂ ಡಿಕ್ಕಿಯಾಗಿ ಚೀನೀ ಚಾಲಕ ಮೃತನಾದನು. ಅಮೆರಿಕದ 24 ಸಿಬ್ಬಂದಿ ಚೀನಾದ ವಶವಾದರು. ಚೀನಾ ಕ್ಷಮಾಯಾಚನೆಯನ್ನು ಕೇಳಿತು, ಅಮೆರಿಕ ಒಪ್ಪಲಿಲ್ಲ. ಏಪ್ರಿಲ್ 11ರಂದು ಅಮೆರಿಕದ ರಾಯಭಾರಿ ಕೊಟ್ಟ ಪತ್ರದಲ್ಲಿ ‘ಬಹಳ ಸಾರಿ’ ಎಂಬ ಮಾತಿತ್ತು. ಅದು ಅನುತಾಪವೇ ಹೊರತು ಕ್ಷಮಾಯಾಚನೆಯಲ್ಲವೆಂದು ಅಮೆರಿಕ ತನ್ನ ಪ್ರಜೆಗಳಿಗೆ ಹೇಳಿತು. ಚೀನಾ ಕ್ಷಮಾಯಾಚನೆಗೆ ಸಮೀಪವಾದ ಪದದಲ್ಲಿ ಅದನ್ನು ತನ್ನ ಪ್ರಜೆಗಳಿಗೆ ತಿಳಿಸಿತು. ಸಿಬ್ಬಂದಿ ಬಿಡುಗಡೆಯಾದರು. ಒಂದು ಪದದ ಎರಡು ಅರ್ಥಗಳು 24 ಜೀವಗಳನ್ನು ಮನೆಗೆ ಕಳುಹಿಸಿದವು.

ಇದನ್ನು ನೋಡಿ, ಅನೇಕಾಂತವೆಂದರೆ ಇದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಅಲ್ಲ, ಇಲ್ಲಿ ಎಚ್ಚರ ಅವಶ್ಯ. ಸ್ಯಾದ್ವಾದಿಯು ‘ಸ್ಯಾತ್’ ಎಂದಾಗ ತಾನು ಯಾವ ಅಪೇಕ್ಷೆಯಿಂದ ಮಾತಾಡುತ್ತಿದ್ದೇನೆಂಬುದನ್ನು ಕೇಳುವವನಿಗೆ ತಿಳಿಸುವ ಹೊಣೆ ಹೊರುತ್ತಾನೆ. ದ್ವ್ಯರ್ಥವಾಗಿ ಮಾತಾಡುವವನು ಅಪೇಕ್ಷೆಯನ್ನು ಮರೆಮಾಡುತ್ತಾನೆ. ಕೇಳುವವನು ತನಗೆ ಬೇಕಾದುದನ್ನು ಕೇಳಿಸಿಕೊಳ್ಳಲೆಂದು ಬಿಡುತ್ತಾನೆ. ಒಂದು ಅರ್ಥವನ್ನು ಬೆಳಕಿಗೆ ತರುವ ವಿಧಾನ, ಇನ್ನೊಂದು ಮುಸುಕಿನಲ್ಲಿಡುವ ವಿಧಾನ. ಹೈನಾನಿನಲ್ಲಿ ಮುಸುಕಿನಿಂದ ಕಲಹ ತಪ್ಪಿತೆಂಬುದು ನಿಜ. ರಾಜ್ಯತಂತ್ರಕ್ಕೆ ಅಷ್ಟು ಸಾಕಾಗಬಹುದು. ಮನೆಯೊಳಗೆ, ಬಸದಿಯೊಳಗೆ, ಅಣ್ಣತಮ್ಮಂದಿರ ನಡುವೆ ಅಷ್ಟು ಸಾಲದು.

ಪದವೊಂದರ ಹಲವು ಅರ್ಥಗಳನ್ನು ಬಿಡಿಸಿ ನೋಡುವ ಉಪಾಯವನ್ನು ಜೈನಾಚಾರ್ಯರು ‘ನಿಕ್ಷೇಪ’ವೆಂಬ ಹೆಸರಿನಿಂದ ಬಹು ಹಿಂದೆಯೇ ರೂಪಿಸಿದ್ದಾರೆ. ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ಈ ನಾಲ್ಕನ್ನು ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯವೇ ಹೇಳುತ್ತದೆ. ಅನುಯೋಗದ್ವಾರಸೂತ್ರವು ಇದೇ ಕ್ರಮವನ್ನು ನಿತ್ಯದ ಆವಶ್ಯಕಕ್ರಿಯೆಗೂ ಅನ್ವಯಿಸಿ, ಮನಸ್ಸಿಲ್ಲದೆ ಪಾಠವನ್ನು ಒಪ್ಪಿಸುವವನದು ದ್ರವ್ಯಾವಶ್ಯಕ ಮಾತ್ರವೆಂದು ತೀರ್ಮಾನಿಸುತ್ತದೆ. ‘ಸಾರಿ’ಯನ್ನೂ ಹೀಗೆಯೇ ಪರೀಕ್ಷಿಸಬಹುದು. ಕಾಲು ತಗುಲಿದಾಗ ತಾನಾಗಿ ಬಾಯಿಂದ ಉದುರುವ ಸಾರಿ ನಾಮಮಾತ್ರದ್ದು. ಹೂವು ದೀಪಗಳ ಚಿತ್ರವಿರುವ ಕಾರ್ಡು, ದೂರವಾಣಿಯಲ್ಲಿ ಮುಂದೆ ಮುಂದೆ ದಾಟಿಸುವ ಸಂದೇಶ, ಇವು ಸ್ಥಾಪನೆ. ಕ್ಷಮೆಯ ಸ್ಥಾನದಲ್ಲಿ ಇಟ್ಟ ಪ್ರತಿಮೆ. ಎದುರಿಗೆ ಹೋಗಿ ಕೈಮುಗಿದರೂ ಒಳಗೆ ಹಗೆ ಹಾಗೆಯೇ ಇದ್ದರೆ ಅದು ದ್ರವ್ಯ. ಮಾಡಿದ್ದನ್ನು ಮಾಡಿದೆನೆಂದು ಒಪ್ಪಿ, ಮತ್ತೆ ಮಾಡಬಾರದೆಂದು ನಿಶ್ಚಯಿಸಿ ಬಂದ ಮಾತು ಮಾತ್ರ ಭಾವಕ್ಷಮಾಯಾಚನೆ. ಮೊದಲ ಮೂರು ನಿರರ್ಥಕವೆಂದಲ್ಲ. ಪ್ರತಿಮೆಯನ್ನು ಪ್ರತಿಮೆಯೆಂದು ಅರಿತಿರುವವರೆಗೆ ಅದರಿಂದ ಲಾಭವಿದೆ.

ದಶಲಕ್ಷಣ ಪರ್ವ ಮುಗಿದ ಬಳಿಕ ಬರುವ ಕ್ಷಮಾವಣಿಯ ದಿನ, ಸಂವತ್ಸರಿಯ ದಿನ, ಶ್ರಾವಕರು ಆಡಿಕೊಳ್ಳುವ ‘ಮಿಚ್ಛಾಮಿ ದುಕ್ಕಡಂ’ ಎಂಬ ಪ್ರಾಕೃತ ವಚನಕ್ಕೆ ‘ಸಾರಿ’ ಎಂಬ ಅನುವಾದ ಕೊಡುವುದು ಈಗ ರೂಢಿಯಾಗಿದೆ. ಅನುವಾದ ಸರಿಯಲ್ಲ. ಆ ವಚನ ಎದುರಿನವನಿಂದ ಏನನ್ನೂ ಬೇಡುವುದಿಲ್ಲ. ತನ್ನ ದುಷ್ಕೃತ ಮಿಥ್ಯೆಯಾಗಲಿ, ನಿಷ್ಫಲವಾಗಲಿ ಎನ್ನುತ್ತದೆ. ದುಷ್ಕೃತವಿದೆಯೆಂಬ ಒಪ್ಪಿಗೆ ಅದರ ಬುಡ. ಅದು ತನ್ನದೆಂಬ ಒಪ್ಪಿಗೆ ಅದರ ಕಾಂಡ. ಇವೆರಡೂ ಇಲ್ಲದೆ ಫಲವನ್ನು ಅಳಿಸಬೇಕೆಂಬ ಹಾರೈಕೆ ಬರಿಯ ಹಾರೈಕೆ.

ಒಪ್ಪಿಕೊಳ್ಳುವಾಗ ಮನುಷ್ಯ ಹೂಡುವ ಆಟಗಳನ್ನು ಪೂರ್ವಾಚಾರ್ಯರು ಚೆನ್ನಾಗಿ ಬಲ್ಲವರಾಗಿದ್ದರು. ಗುರುವಿನ ಮುಂದೆ ದೋಷ ನಿವೇದಿಸುವ ಆಲೋಚನೆಗೆ ಹತ್ತು ದೋಷಗಳನ್ನು ಭಗವತೀ ಆರಾಧನೆಯೇ ಮೊದಲಾದ ಗ್ರಂಥಗಳು ಎಣಿಸಿವೆ. ಉಪಕರಣಾದಿಗಳನ್ನು ಕೊಟ್ಟು ಗುರುವಿನ ಕನಿಕರ ಗಳಿಸಿ ಶಿಕ್ಷೆ ಕಡಿಮೆಯಾಗುವಂತೆ ಮಾಡುವುದು ಆಕಂಪಿತ. ತಾನು ದುರ್ಬಲನೆಂದು ತೋರಿಸಿಕೊಂಡು ಹೇಳುವುದು ಅನುಮಾನಿತ. ಇತರರು ಕಂಡ ತಪ್ಪನ್ನಷ್ಟೇ ಹೇಳುವುದು ದೃಷ್ಟ. ದೊಡ್ಡದನ್ನು ಹೇಳಿ ಸಣ್ಣದನ್ನು ಬಿಡುವುದು ಬಾದರ. ಸಣ್ಣದನ್ನು ಹೇಳಿ ದೊಡ್ಡದನ್ನು ಮುಚ್ಚುವುದು ಸೂಕ್ಷ್ಮ. ‘ಯಾರಾದರೂ ಹೀಗೆ ಮಾಡಿದ್ದರೆ ಪ್ರಾಯಶ್ಚಿತ್ತವೇನು’ ಎಂದು ಮರೆಯಲ್ಲಿ ಕೇಳುವುದು ಛನ್ನ. ಗದ್ದಲದ ನಡುವೆ, ಸರಿಯಾಗಿ ಕೇಳಿಸದಂತೆ ಹೇಳುವುದು ಶಬ್ದಾಕುಲಿತ. ಒಬ್ಬರಲ್ಲಿ ಕೇಳಿ ಸಮಾಧಾನವಾಗದೆ ಹಲವರನ್ನು ಕೇಳುವುದು ಬಹುಜನ, ಅರಿಯದವರಲ್ಲಿ ಹೇಳುವುದು ಅವ್ಯಕ್ತ, ಅದೇ ದೋಷವುಳ್ಳವರಲ್ಲಿ ಹೇಳುವುದು ತತ್ಸೇವಿ.

ಈ ಪಟ್ಟಿ ಮುನಿಗಳಿಗೆಂದು ರಚಿತವಾದುದು. ಆದರೆ ಇಂದಿನ ಯಾವ ಪತ್ರಿಕಾ ಹೇಳಿಕೆಯನ್ನಾದರೂ ಇದರ ಪಕ್ಕದಲ್ಲಿಟ್ಟು ನೋಡಬಹುದು. ‘ಯಾರಿಗಾದರೂ ನೋವಾಗಿದ್ದರೆ ಕ್ಷಮೆಯಿರಲಿ’ ಎಂಬ ಮಾತು ಛನ್ನವಲ್ಲದೆ ಮತ್ತೇನು? ದಾಖಲೆ ಹೊರಬಿದ್ದ ಮೇಲೆ ಬರುವ ತಪ್ಪೊಪ್ಪಿಗೆ ದೃಷ್ಟದೋಷ. ಒಂದೇ ಸಂದೇಶವನ್ನು ಐನೂರು ಜನರಿಗೆ ಒಂದೇ ಸಲ ಕಳುಹಿಸಿ, ಆ ಐನೂರರ ಗದ್ದಲದಲ್ಲಿ, ನಿಜವಾಗಿ ಕ್ಷಮೆ ಕೇಳಬೇಕಾದ ಒಬ್ಬನ ಹೆಸರನ್ನು ಮುಳುಗಿಸುವುದು ಶಬ್ದಾಕುಲಿತ. ಆಸ್ತಿಯ ಪಾಲಿನಲ್ಲಿ ತಮ್ಮನಿಗೆ ಮೋಸ ಮಾಡಿ ಹನ್ನೆರಡು ವರ್ಷ ಅವನ ಹೊಸ್ತಿಲು ತುಳಿಯದ ಅಣ್ಣ ಎಂಬತ್ತನಾಲ್ಕು ಲಕ್ಷ ಯೋನಿಗಳ ಜೀವರಾಶಿಯಲ್ಲಿ ಕ್ಷಮೆ ಬೇಡುವುದು ಕಷ್ಟವಲ್ಲ. ಆ ಜೀವರಾಶಿ ಪಾಲುಪತ್ರವನ್ನು ತೋರಿಸೆಂದು ಕೇಳುವುದಿಲ್ಲ.

ಕಾನೂನು ಕೂಡ ಈ ಪದದೊಡನೆ ಸೆಣಸಿದೆ. ‘ಸಾರಿ’ ಎಂದರೆ ಅಪರಾಧವನ್ನು ಒಪ್ಪಿದಂತಾಗುವುದೆಂಬ ಭಯದಿಂದ ವೈದ್ಯರೂ ವಾಹನಚಾಲಕರೂ ನೊಂದವರೆದುರು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. 1986ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯವು, ಅಪಘಾತದಲ್ಲಿ ನೊಂದವರಿಗೆ ಸಹಾನುಭೂತಿ ಸೂಚಿಸಿದ ಮಾತನ್ನು ನ್ಯಾಯಾಲಯದಲ್ಲಿ ಹೊಣೆಗಾರಿಕೆಯ ಸಾಕ್ಷ್ಯವಾಗಿ ಬಳಸುವಂತಿಲ್ಲವೆಂದು ಶಾಸನ ಮಾಡಿತು. 2006ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತವು ಕ್ಷಮಾಯಾಚನೆಗಾಗಿಯೇ ಒಂದು ಕಾಯಿದೆಯನ್ನು ತಂದಿತು. ಈ ಶಾಸನಗಳಿಂದ ನೊಂದವರಿಗೆ ಒಂದು ಸಾಂತ್ವನದ ಮಾತು ದೊರೆಯುವುದು ಸುಲಭವಾಯಿತು. ಅದು ಸಣ್ಣ ಲಾಭವಲ್ಲ. ಆದರೆ ಬೆಲೆ ತೆರಬೇಕಿಲ್ಲದ ಮಾತು ಎಷ್ಟು ಭಾರವಾಗಿರಬಲ್ಲದು ಎಂಬ ಪ್ರಶ್ನೆಯನ್ನು ಯಾವ ಶಾಸನವೂ ಬಗೆಹರಿಸಲಾರದು.

ಆ ಪ್ರಶ್ನೆಗೆ ಉತ್ತರ ಪ್ರಾಯಶ್ಚಿತ್ತದ ವಿಚಾರದಲ್ಲಿದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಪ್ರಾಯಶ್ಚಿತ್ತವನ್ನು ಒಂಬತ್ತು ಬಗೆಯೆನ್ನುತ್ತದೆ. ಆಲೋಚನೆ, ಪ್ರತಿಕ್ರಮಣಗಳು ಅದರ ಆರಂಭದ ಮೆಟ್ಟಿಲುಗಳು ಮಾತ್ರ. ಮುಂದೆ ತ್ಯಾಗವಿದೆ, ತಪಸ್ಸಿದೆ, ದೀಕ್ಷೆಯ ಹಿರಿತನವನ್ನೇ ಕಡಿತಗೊಳಿಸುವ ಛೇದವಿದೆ. ಅಂದರೆ ಮಾತಿನಿಂದ ತೀರುವ ತಪ್ಪುಗಳಿವೆ, ಮಾತಿನಿಂದ ತೀರದ ತಪ್ಪುಗಳೂ ಇವೆ. ಕಳ್ಳತೂಕ, ಕಳ್ಳ ಅಳತೆಗಳನ್ನು ಅಚೌರ್ಯವ್ರತದ ಅತಿಚಾರವೆಂದು ಅದೇ ಗ್ರಂಥದ ಏಳನೆಯ ಅಧ್ಯಾಯ ಹೇಳುತ್ತದೆ. ವರ್ಷವಿಡೀ ತಕ್ಕಡಿಯಲ್ಲಿ ಐದು ಗ್ರಾಂ ಉಳಿಸಿಕೊಂಡ ವರ್ತಕ ಕ್ಷಮಾವಣಿಯ ದಿನ ಗಿರಾಕಿಗೆ ಕೈಮುಗಿದರೆ ಆ ಐದು ಗ್ರಾಂ ಎಲ್ಲಿ ಹೋಯಿತು? ತಕ್ಕಡಿ ಸರಿಯಾಗಬೇಕು, ಪಡೆದದ್ದು ಹಿಂದಿರುಗಬೇಕು, ಆಮೇಲೆ ಮಾತು. ಆಸ್ಟ್ರೇಲಿಯಾದಲ್ಲಿಯೂ 2008ರ ಮಾತಿನ ಹಿಂದೆ, ಕೇಂದ್ರಾಡಳಿತದ ಪ್ರದೇಶಗಳಿಂದ ಒಯ್ಯಲ್ಪಟ್ಟವರಿಗಾಗಿ ಪರಿಹಾರಯೋಜನೆ ಬಂದದ್ದು 2021ರಲ್ಲಿ. ಆ ಹದಿಮೂರು ವರ್ಷಗಳಲ್ಲಿ ಹಲವರು ತೀರಿಕೊಂಡಿದ್ದರು.

ಹಾಗಾದರೆ ಕ್ಷಮೆ ಕೊಡುವವನ ಧರ್ಮವೇನು? ಎದುರಿನವನ ಭಾವ ಶುದ್ಧವೇ ಎಂದು ಪರೀಕ್ಷಿಸಿ ಆಮೇಲೆ ಕ್ಷಮಿಸಬೇಕೇ? ದಾನಗಳಲ್ಲಿ ಆಹಾರ, ಔಷಧ, ಶಾಸ್ತ್ರಗಳ ಜೊತೆಗೆ ಅಭಯವನ್ನೂ ಎಣಿಸುವುದುಂಟು. ‘ನನ್ನಿಂದ ನಿನಗೆ ಭಯವಿಲ್ಲ’ ಎಂಬುದೇ ಕ್ಷಮೆಯ ಸಾರವಾದುದರಿಂದ ಅದು ಅಭಯದಾನವೇ ಸರಿ. ದಾನಕ್ಕೆ ಎದುರಿನವನ ಯಾಚನೆ ಅನಿವಾರ್ಯವಲ್ಲ, ಕೇಳದೆಯೂ ಕೊಡಬಹುದು. ಹಗೆಯನ್ನು ಬಿಡುವುದರಿಂದ ಬಿಡುವವನ ಕಷಾಯವೇ ತೆಳುವಾಗುತ್ತದೆ. ಆದರೆ ಹಗೆಯನ್ನು ಬಿಡುವುದು ಬೇರೆ, ಲೆಕ್ಕವನ್ನು ಬಿಡುವುದು ಬೇರೆ. ತಮ್ಮನು ಅಣ್ಣನ ಮೇಲಿನ ದ್ವೇಷವನ್ನು ಇಂದೇ ಬಿಡಬಹುದು. ಅಷ್ಟಕ್ಕೇ ಅಣ್ಣನ ಋಣ ತೀರಿತೆಂದು ಯಾರೂ ತಮ್ಮನಿಗೆ ಉಪದೇಶಿಸಬಾರದು. ನೊಂದವನ ಮೇಲೆ ಕ್ಷಮೆಯನ್ನು ಹೇರುವುದು, ‘ಅವನು ಸಾರಿ ಎಂದನಲ್ಲ, ಇನ್ನೇಕೆ’ ಎಂದು ಹಿರಿಯರು ಗದರುವುದು, ಸುಲಭವಾದರೂ ನ್ಯಾಯವಲ್ಲ.

ಕುಂದಕುಂದಾಚಾರ್ಯರು ಸಮಯಸಾರದಲ್ಲಿ ಪ್ರತಿಕ್ರಮಣವೇ ಮೊದಲಾದವನ್ನು ವಿಷಕುಂಭವೆಂದು ಕರೆದಿರುವುದು ಓದುಗರನ್ನು ಬೆಚ್ಚಿಬೀಳಿಸುವ ಮಾತು. ಶುದ್ಧಾತ್ಮದ ನೆಲೆಯಲ್ಲಿ ನಿಂತವನಿಗೆ ಮರಳಿ ಮರಳಿ ತಪ್ಪನ್ನೆಣಿಸುವ ಕ್ರಿಯೆಯೂ ಬಂಧವೇ ಎಂಬುದು ಅಲ್ಲಿಯ ನಿಶ್ಚಯದೃಷ್ಟಿ. ಆದರೆ ಅಲ್ಲಿ ಹೇಳಿದ ಅಪ್ರತಿಕ್ರಮಣ ಅಜ್ಞಾನಿಯ ಪ್ರಮಾದವಲ್ಲವೆಂದು ಟೀಕಾಕಾರ ಅಮೃತಚಂದ್ರಸೂರಿಗಳು ವಿವರಿಸಿದ್ದಾರೆ. ಮೇಲಿನ ಮೆಟ್ಟಿಲನ್ನು ತೋರಿಸಿದುದು ಏರಲೆಂದೇ ಹೊರತು ಕೆಳಗಿಳಿಯಲೆಂದಲ್ಲ. ಕ್ಷಮೆ ಕೇಳುವುದು ಬರಿಯ ಔಪಚಾರಿಕವೆಂದು ಹೇಳಿ ಅದನ್ನು ಕೈಬಿಡುವವನು ಇದನ್ನು ನೆನೆಯಬೇಕು. ಔಪಚಾರಿಕತೆ ರೋಗವಾದರೆ ಅದಕ್ಕೆ ಮದ್ದು ಭಾವ, ಮೌನವಲ್ಲ.

ಆದುದರಿಂದ ‘ಸಾರಿ’ ಎಂಬ ಪದವನ್ನು ಬಿಡಬೇಕೆಂದು ಯಾರೂ ಹೇಳಬೇಕಾಗಿಲ್ಲ. ಕಾಲು ತಗುಲಿದಾಗ ಅದು ಸಾಕು, ಚೆನ್ನಾಗಿಯೂ ಇದೆ. ನಂಬಿಕೆಗೆ ಪೆಟ್ಟು ಬಿದ್ದಲ್ಲಿ ಅದರಾಚೆ ಹೋಗಬೇಕು: ಮಾಡಿದ್ದೇನೆಂದು ಹೆಸರಿಸಬೇಕು, ಮಾಡಿದವನು ತಾನೆಂದು ಹೇಳಬೇಕು, ಕೆಟ್ಟದ್ದನ್ನು ಸರಿಪಡಿಸುವ ಬಗೆಯನ್ನು ತಿಳಿಸಬೇಕು, ಅವಮಾನ ನಡೆದ ಸಭೆಯಲ್ಲಿಯೇ ಅದನ್ನು ಆಡಬೇಕು. ಬಸದಿಯ ಆಡಳಿತ ಮಂಡಳಿಯ ಲೆಕ್ಕದಲ್ಲಿ ಲೋಪವಾದಾಗ ‘ವಿಷಾದಿಸುತ್ತೇವೆ’ ಎಂಬ ಒಂದು ಸಾಲಿಗೆ ಬದಲಾಗಿ, ಯಾವ ವರ್ಷದ ಯಾವ ಬಾಬ್ತಿನಲ್ಲಿ ಎಷ್ಟು ವ್ಯತ್ಯಾಸವಾಯಿತು, ಅದನ್ನು ಯಾವ ದಿನದೊಳಗೆ ತುಂಬಲಾಗುವುದು ಎಂಬ ನಾಲ್ಕು ಸಾಲು ಫಲಕದ ಮೇಲೆ ಬಂದರೆ, ಅದಕ್ಕಿಂತ ದೊಡ್ಡ ಪ್ರತಿಕ್ರಮಣವನ್ನು ಭಕ್ತರು ಕೇಳುವುದಿಲ್ಲ. ಬರುವ ಕ್ಷಮಾವಣಿಯಂದು ಐನೂರು ಸಂದೇಶಗಳನ್ನು ಕಳುಹಿಸುವ ಶ್ರಾವಕನು ಅವುಗಳಿಗೆ ಮೊದಲು ಒಂದು ಬಾಗಿಲನ್ನು ತಟ್ಟುವುದು ಒಳಿತು. ಯಾವ ಬಾಗಿಲೆಂಬುದು ಅವನಿಗೆ ಗೊತ್ತಿರುತ್ತದೆ.